ನಾಟಿ ಮಾಡಿದ ಭತ್ತ ಹಳದಿಯಾಗಿ ಕುಳ್ಳಾಗುತ್ತಿದೆ, ವೈರಸ್ ಅಂತಾರೆ. ಯಾವ ಎಣ್ಣೆ ಹೊಡೆಯಲಿ?

ಯಾವುದೂ ಬೇಡ. ವೈರಸ್ಸೇ ಆಗಿದ್ದರೆ ಅದನ್ನು ಕೊಲ್ಲುವ ಎಣ್ಣೆ ಯಾವ ಅಂಗಡಿಯಲ್ಲೂ ಇಲ್ಲ. ಅಂಗಡಿಯವರು ಕೊಡುವುದು ವೈರಸ್ ಹೊತ್ತು ತರುವ ಹುಳ ಸಾಯುವ ಔಷಧಿ. ಸೊಳ್ಳೆ ಕೊಂದರೆ ಬಂದಿರುವ ಡೆಂಗಿ ಜ್ವರ ಇಳಿಯುತ್ತಾ?

ನೀವು ಶಹಾಪುರದವರು, ನಾನು ಸುರಪುರ ತಾಲೂಕಿನವನು. ಇಬ್ಬರದೂ ನಾರಾಯಣಪುರ ಎಡದಂಡೆ ಕಾಲುವೆಯ ನೀರು. ನನ್ನ ಗದ್ದೆಯಲ್ಲೂ ಹೀಗೇ ಅಲ್ಲೊಂದು ಇಲ್ಲೊಂದು ಕಡೆ ಗಿಡ ಕುಳ್ಳಾದವು. ಎಲೆ ತುದಿಯಿಂದ ಹಳದಿ, ಆಮೇಲೆ ಕಿತ್ತಳೆ. ಮರಿ ಒಡೆಯುವುದೂ ಕಮ್ಮಿ. ಸತುವಿನ ಕೊರತೆ ಅಂದರು, ಜಿಂಕ್ ಹೊಡೆದೆ. ಹಸಿರಾಗಲಿಲ್ಲ. ಯೂರಿಯಾ ಎರಚಿದೆ. ಹಳದಿ ಇನ್ನೂ ಹರಡಿತು.

ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ಅಕ್ಕನ ಮಗ ಬಂದು ಬಿಸಿಲು ಬೀಳುವ ಮೊದಲೇ ಎಲೆ ಕಿತ್ತ. ರೋಗದ್ದೂ ಒಂದಷ್ಟು, ಚೆನ್ನಾಗಿದ್ದುದೂ ಒಂದಷ್ಟು. 100 ಮಿಲಿ ನೀರಿಗೆ 6 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, 2 ಗ್ರಾಂ ಅಯೋಡಿನ್ ಹಾಕಿ, ಎಲೆ ತುಂಡುಗಳನ್ನು ಕಾಲು ಗಂಟೆ ನೆನೆಸಿ ತೊಳೆದ. ರೋಗದ ಎಲೆಯಲ್ಲಿ ಉದ್ದಕ್ಕೂ ಕಪ್ಪು ನೀಲಿ ಗೆರೆ. ಇನ್ನೊಂದರಲ್ಲಿ ಏನೂ ಇಲ್ಲ. ಪಿಷ್ಟ ಇದ್ದಲ್ಲಿ ಅಯೋಡಿನ್ ಹೀಗೆ ಕಪ್ಪು ನೀಲಿಯಾಗುತ್ತದೆ. ಚೆನ್ನಾಗಿರುವ ಎಲೆ ರಾತ್ರಿಯೆಲ್ಲ ತನ್ನ ಪಿಷ್ಟವನ್ನು ಗಿಡಕ್ಕೆ ಸಾಗಿಸಿರುತ್ತದೆ. ರೋಗ ಹಿಡಿದ ಎಲೆಯಲ್ಲಿ ಅದು ಅಲ್ಲೇ ಕಟ್ಟಿಕೊಳ್ಳುತ್ತದೆ. "ಮಾಮಾ, ಇದು ಟುಂಗ್ರೊ, ಭತ್ತದ ವೈರಸ್ ರೋಗ" ಅಂದ.

ನಾನು ಕೆಟ್ಟಿದ್ದು ಯೂರಿಯಾದಿಂದ ಅಲ್ಲ, ಅದಕ್ಕೂ ಮೊದಲೇ. ಬೇಸಿಗೆ ಭತ್ತ ಕೊಯ್ದ ಮೇಲೆ ಕಾಲುವೆ ಪಕ್ಕದ ಜವುಗು ಜಾಗದಲ್ಲಿ ಕೂಳೆ ಮತ್ತೆ ಚಿಗುರಿತ್ತು. ದನಕ್ಕೆ ಮೇವಾಗುತ್ತದೆ ಅಂತ ಹಾಗೇ ಬಿಟ್ಟೆ. ಬೋರ್ ನೀರು ಹತ್ತಿರ ಅಂತ ಸಸಿಮಡಿಯನ್ನೂ ಅದರ ಮಗ್ಗುಲಲ್ಲೇ ಮಾಡಿದೆ.

ಇದು ಯಾಕೆ ಅಷ್ಟು ದೊಡ್ಡ ತಪ್ಪು ಅಂದರೆ, ಟುಂಗ್ರೊ ಬೀಜದಿಂದ ಬರಲ್ಲ, ಮಣ್ಣಿಂದ ಬರಲ್ಲ. ಹಸಿರು ಜಿಗಿಹುಳು ಹೊತ್ತು ತರಬೇಕು. ಆ ಹುಳವೂ ಹುಟ್ಟುವಾಗ ರೋಗ ತಂದಿರುವುದಿಲ್ಲ, ಮೊಟ್ಟೆಗೆ ವೈರಸ್ ದಾಟುವುದಿಲ್ಲ. ರೋಗದ ಗಿಡದ ರಸ ಅರ್ಧ ಗಂಟೆ ಹೀರಿದರೆ ಸಾಕು, ವೈರಸ್ ಹತ್ತುತ್ತದೆ. ಕೆಲವೇ ದಿನಕ್ಕೆ ಅದೂ ಹೋಗುತ್ತದೆ. ಅಂದರೆ ಹುಳಕ್ಕೆ ಮತ್ತೆ ಮತ್ತೆ ರೋಗದ ಗಿಡ ಸಿಗುತ್ತಿರಬೇಕು. ಸುತ್ತ ಎಲ್ಲ ಬಣಗುಡುತ್ತಿದ್ದಾಗ ಅದಕ್ಕೆ ಹಸಿರು ಕೂಳೆ ಕೊಟ್ಟವನು ನಾನು. ಪಕ್ಕದಲ್ಲೇ ಎಳೆ ಸಸಿ ಬೇರೆ! ಎಳೆತನದಲ್ಲಿ ತಗುಲಿದಷ್ಟೂ ಇಳುವರಿ ಜಾಸ್ತಿ ಕಳೆಯುತ್ತದೆ. ರೋಗದ ಸಸಿಯನ್ನೇ ಕೈಯಾರೆ ಕಿತ್ತು ಗದ್ದೆಯ ತುಂಬಾ ನೆಟ್ಟೆ. ತೆನೆ ತಡವಾಗಿ ಬಂತು, ಬಂದದ್ದರಲ್ಲೂ ಜೊಳ್ಳೇ ಜಾಸ್ತಿ.

ಇನ್ನೊಂದು ಮಜಾ. ಇದು ಒಂದು ವೈರಸ್ ಅಲ್ಲ, ಎರಡು. ಗಿಡವನ್ನು ಹಳದಿ ಮಾಡಿ ಕುಗ್ಗಿಸುವ ವೈರಸ್ ಒಂಟಿಯಾಗಿ ಹುಳದ ಬಾಯಿ ಹತ್ತಲಾರದು. ಜೊತೆಯದು ಹತ್ತಿಸಬೇಕು. ಆ ಜೊತೆಯದು ಮಾತ್ರ ಇದ್ದರೆ ಗಿಡ ಹೆಚ್ಚುಕಮ್ಮಿ ಚೆನ್ನಾಗಿಯೇ ಕಾಣುತ್ತದೆ.

ನಿಮ್ಮ ಗದ್ದೆಗೆ ಬರೋಣ. ನಿಮ್ಮದು ವೈರಸ್ಸೇ ಅಂತ ನಾನು ಒಪ್ಪುವುದಿಲ್ಲ. ಎಲೆ ಮೇಲೆ ತುಕ್ಕಿನಂಥ ಕಂದು ಚುಕ್ಕೆ ಇದ್ದರೆ ಸತುವೇ ಇರಬಹುದು. ಬೇರುಸಹಿತ ಗಿಡ ಕಿತ್ತು ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಭೀಮರಾಯನಗುಡಿ ಕೃಷಿ ಕಾಲೇಜಿಗೋ ಒಯ್ಯಿರಿ. ವಾಟ್ಸಾಪ್ ಫೋಟೋ ಸಾಲದು. ಅಲ್ಲಿವರೆಗೆ ಯೂರಿಯಾ ಮುಟ್ಟಬೇಡಿ. ಎಲೆ ಸೊಂಪಾದಷ್ಟೂ ಹುಳಕ್ಕೆ ಹಬ್ಬ.

ಟುಂಗ್ರೊ ಅಂತ ಖಾತ್ರಿಯಾದರೆ ರೋಗದ ಗಿಡ ಕಿತ್ತು ಹೂತುಬಿಡಿ. ಎಲೆ ಬಡಿದು ನೋಡಿ. ರೆಕ್ಕೆ ಮೇಲೆ ಕಪ್ಪು ಚುಕ್ಕೆ ಇರುವ ಹಸಿರು ಹುಳ ಹಾರಿದರೆ ಮಾತ್ರ ಔಷಧಿ ಕೇಳಿ. ಅದೂ ಉಳಿದ ಗಿಡ ಕಾಯಲಿಕ್ಕೆ. ಕಂದು ಜಿಗಿ ಬೇರೆ, ಅದು ಬುಡದಲ್ಲಿ ನೀರಿನ ಹತ್ತಿರ ಕೂರುತ್ತದೆ.

ತಳಿ ಬದಲಿಸಿ ಅಂತಲೂ ಹೇಳುತ್ತಾರೆ. ವಿಕ್ರಮಾರ್ಯದಂಥ ಟುಂಗ್ರೊ ತಡೆಯುವ ತಳಿ ಇದೆ, ನಿಜ. ಆದರೆ ನಮ್ಮ ಕಡೆ ಮಿಲ್ಲಿನವರು ಕೇಳುವುದು ಸೋನಾ ಮಸೂರಿ. ನಾನೂ ಅದನ್ನೇ ಹಾಕುತ್ತಿದ್ದೇನೆ, ಕೊಯ್ಲಾದ ವಾರದಲ್ಲೇ ಕೂಳೆ ಉಳುತ್ತೇನೆ. ಮೇವಿಗೆ ಒಡ್ಡಿನ ಮೇಲೆ ನೇಪಿಯರ್ ಹುಲ್ಲು ಹಚ್ಚಿದ್ದೇನೆ.