ತಿಮಿಂಗಿಲಕ್ಕೆ ಬೋಟಿನ ಸದ್ದು ಒಂದು ಲೆಕ್ಕವಾ?

ಪತ್ರ: ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ತಿಮಿಂಗಿಲದ ಬೆನ್ನಿಗೆ ಯಂತ್ರ ಅಂಟಿಸಿ, ಹಡಗಿನ ಸದ್ದಿಗೆ ಅದು ಏನು ಮಾಡುತ್ತದೆ ಎಂದು ನೋಡುವವರ ಬಗ್ಗೆ ಬರೆದಿದ್ದೀರಿ. ನಾನು 22 ವರ್ಷದಿಂದ ಬೋಟಿಗೆ ಹೋಗುತ್ತಿದ್ದೇನೆ. ಕಡಲು ಯಾವತ್ತು ಸುಮ್ಮನಿತ್ತು? ಗಾಳಿ, ಮಳೆ, ಅಲೆ ಎಲ್ಲ ಇದ್ದದ್ದೇ. ಅದರ ಮಧ್ಯೆ ನಮ್ಮ ಎಂಜಿನ್ ಸದ್ದು ಎಷ್ಟರದ್ದು? ಬಸ್ಸಿಗಿಂತ ದೊಡ್ಡ ಪ್ರಾಣಿಗೆ ಅದು ತಾಗುತ್ತದಾ? ಆ ದುಡ್ಡಲ್ಲಿ ಬಂದರಿನ ಹೂಳು ತೆಗೆಸಬಹುದಿತ್ತು. ಡಾಲ್ಫಿನ್ ಎಷ್ಟೋ ಸಲ ನೋಡಿದ್ದೇನೆ. ಎಂಜಿನ್ ಬಂದ್ ಮಾಡಿದರೆ ಹತ್ತಿರ ಬರುತ್ತವೆ, ಸ್ಟಾರ್ಟ್ ಮಾಡಿದರೆ ಹೋಗುತ್ತವೆ, ಅಷ್ಟೆ. — ಓದುಗರೊಬ್ಬರು, ಮಲ್ಪೆ

ಉತ್ತರ: ಹೂಳಿನ ಮಾತು ಸರಿ. ತೆಗೆಸಲೇಬೇಕು, ಅದನ್ನು ಈ ಪುಟಗಳಲ್ಲಿ ಇನ್ನೂ ಬರೆಯುತ್ತೇವೆ. ಆದರೆ ಅಮೆರಿಕದ ಹತ್ತಿರದ ಬಹಾಮಾಸ್ ದ್ವೀಪಗಳಲ್ಲಿ ಈ ಅಧ್ಯಯನಕ್ಕೆ ಖರ್ಚಾದ ದುಡ್ಡು ಮಲ್ಪೆಯ ಅಳಿವೆಗೆ ಬರುವ ದುಡ್ಡಲ್ಲ ಮಾರಾಯ್ರೇ. ಅದನ್ನು ಅಲ್ಲಿಗೇ ಬಿಡೋಣ.

ನಾನು ಈಜು ಕಲಿತದ್ದು ಅಜ್ಜಿ ಮನೆಯ ಕೆರೆಯಲ್ಲಿ. ಒಬ್ಬ ಮುಳುಗಿ ಕೂರಬೇಕು, ಇನ್ನೊಬ್ಬ ಆಚೆ ದಡದಲ್ಲಿ ಎರಡು ಕಲ್ಲು ನೀರೊಳಗೆ ಕುಟ್ಟಬೇಕು. ಅದು ನಮ್ಮ ಆಟ. ಮೇಲೆ ನಿಂತವನಿಗೆ ಏನೂ ಕೇಳದು. ಮುಳುಗಿದವನಿಗೆ ಮಾತ್ರ ಟಕ್, ಟಕ್ ಎಂದು ತಲೆಬುರುಡೆಯ ಒಳಗೇ ಬಡಿದ ಹಾಗೆ. ಎಡದಿಂದ ಬಂತೋ ಬಲದಿಂದ ಬಂತೋ ಗೊತ್ತೇ ಆಗುತ್ತಿರಲಿಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡಿದರೆ ಕಡಲ ನೀರಿನಲ್ಲಿ ಸುಮಾರು 1500 ಮೀಟರ್ ಓಡುತ್ತದೆ. ಎರಡು ಕಿವಿಗೂ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟಿದರೆ ನಮಗೆ ದಿಕ್ಕು ಹೇಗೆ ಸಿಗಬೇಕು? ಬೋಟಿನ ಮೇಲೆ ನಿಂತು ಕೇಳುವ ಸದ್ದನ್ನೇ ಕಡಲೊಳಗಿನ ಸದ್ದು ಅಂದುಕೊಂಡಿದ್ದೀರಿ. ನೀವು ದಡದ ಮೇಲಿನ ಹುಡುಗ.

ಕಡಲು ಸುಮ್ಮನಿರುವುದಿಲ್ಲ, ನಿಜ. ಆದರೆ ಸದ್ದು ಎಂದರೆ ಎಲ್ಲ ಒಂದೇ ಅಲ್ಲ. ಗಾಳಿ, ಅಲೆ, ಮಳೆಯ ಸದ್ದು ಹೆಚ್ಚಾಗಿ ಎತ್ತರದ ಸ್ಥಾಯಿಯದ್ದು. ದೊಡ್ಡ ಹಡಗಿನದ್ದು ತಗ್ಗಿನ ಗುಂಯ್. ಪ್ರೊಪೆಲ್ಲರ್ ಸುತ್ತುವಾಗ ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತವಲ್ಲ, ಮುಖ್ಯವಾಗಿ ಅದರದ್ದೇ ಸದ್ದು. ಆ ತಗ್ಗು ಸದ್ದು ನೂರಾರು ಕಿಲೋಮೀಟರ್ ಹೋಗುತ್ತದೆ. ನೀಲಿ ತಿಮಿಂಗಿಲ, ಫಿನ್ ತಿಮಿಂಗಿಲಗಳು ಒಂದನ್ನೊಂದು ಕೂಗುವುದೂ ಅದೇ ಸ್ಥಾಯಿಯಲ್ಲಿ, ಸುಮಾರು 20 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 20 ಕಂಪನ. ಸಂತೆಯ ಗಲಾಟೆಯಲ್ಲಿ ನಿಮ್ಮ ಹೆಸರು ಕೂಗಿದರೆ ಕೇಳಬಹುದು. ನಿಮ್ಮದೇ ದನಿಯಲ್ಲಿ ಹತ್ತು ಜನ ಬೊಬ್ಬೆ ಹೊಡೆಯುತ್ತಿದ್ದರೆ?

ದೊಡ್ಡ ಮೈಗೆ ತಾಗುತ್ತದಾ ಎಂದು ಕೇಳಿದಿರಿ. 2000ನೇ ಇಸವಿ ಮಾರ್ಚ್‌ನಲ್ಲಿ ಬಹಾಮಾಸ್ ದಡಕ್ಕೆ 36 ಗಂಟೆಯೊಳಗೆ 17 ಪ್ರಾಣಿಗಳು ಬಂದು ಬಿದ್ದವು. ಹೆಚ್ಚಿನವು ಕೊಕ್ಕಿನ ತಿಮಿಂಗಿಲಗಳು. ಸತ್ತ ಕೆಲವುಗಳ ಕಿವಿಯ ಸುತ್ತ ರಕ್ತ ಹೆಪ್ಪುಗಟ್ಟಿತ್ತು. ಅಮೆರಿಕದ ನೌಕಾಪಡೆ ಅಲ್ಲಿ ಸೋನಾರ್ ಬಳಸುತ್ತಿತ್ತು. ನೀರೊಳಗೆ ಜೋರು ಸದ್ದು ಬಿಟ್ಟು, ಅದರ ಪ್ರತಿಧ್ವನಿಯಿಂದ ಜಲಾಂತರ್ಗಾಮಿ ಹುಡುಕುವ ಯಂತ್ರ ಅದು. ಮರುವರ್ಷದ ವರದಿಯಲ್ಲಿ ಅದಕ್ಕೆ ಆ ಸೋನಾರೇ ಕಾರಣವಾಗಿರಬೇಕು ಎಂದು ಆ ನೌಕಾಪಡೆಯೇ ಒಪ್ಪಿತು. 2002ರಲ್ಲಿ ಸ್ಪೇನ್‌ನ ಕ್ಯಾನರಿ ದ್ವೀಪಗಳಲ್ಲಿ ಮತ್ತೆ ಹಾಗೇ ಆಯಿತು. 2004ರಲ್ಲಿ ಸ್ಪೇನ್ ಅಲ್ಲಿ ಸೋನಾರ್ ನಿಲ್ಲಿಸಿತು.

ಇಷ್ಟಾದ ಮೇಲೆ ಆ ಪ್ರಾಣಿಯನ್ನೇ ಕೇಳುವುದು ಬಿಟ್ಟು ಬೇರೆ ದಾರಿ ಏನಿದೆ? ನೀವು ನಕ್ಕ ಆ ಯಂತ್ರ ಇರುವುದು ಅದಕ್ಕೇ. ಮೊಳೆ ಹೊಡೆಯುವುದಿಲ್ಲ. ಸಣ್ಣ ದೋಣಿಯಲ್ಲಿ ಹತ್ತಿರ ಹೋಗಿ, ಉದ್ದ ಗಳದ ತುದಿಯಿಂದ ಬೆನ್ನಿಗೆ ಒತ್ತುತ್ತಾರೆ. ಗಾಳಿ ಎಳೆದು ಹಿಡಿಯುವ ರಬ್ಬರ್ ಬಟ್ಟಲುಗಳು ಅಂಟಿಕೊಳ್ಳುತ್ತವೆ. ತಿಮಿಂಗಿಲ ಕೇಳಿದ ಸದ್ದು, ಅದೇ ಮಾಡಿದ ಸದ್ದು, ಇಳಿದ ಆಳ, ಮೈ ತಿರುಗಿಸಿದ್ದು ಎಲ್ಲ ದಾಖಲಾಗುತ್ತದೆ. ಕೆಲವು ಗಂಟೆ ಕಳೆದ ಮೇಲೆ ತಾನಾಗಿ ಬಿಟ್ಟು ತೇಲುತ್ತದೆ. ಅದನ್ನು ಹುಡುಕಿ ತರಬೇಕು. 2007 ಮತ್ತು 2008ರಲ್ಲಿ ಬಹಾಮಾಸ್‌ನಲ್ಲೇ ಹೀಗೆ ಯಂತ್ರ ಅಂಟಿಸಿ, ಸೋನಾರ್ ಸದ್ದನ್ನು ಸಣ್ಣಗೆ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿದರು. ಆಳದಲ್ಲಿ ಟಕಟಕ ಸದ್ದು ಮಾಡಿ ಬೇಟೆ ಹುಡುಕುತ್ತಿದ್ದ ತಿಮಿಂಗಿಲ ಆ ಸದ್ದನ್ನೇ ನಿಲ್ಲಿಸಿತು. ಆಮೇಲೆ ನಿಧಾನವಾಗಿ ಮೇಲೆದ್ದು ದೂರ ಹೋಯಿತು. ತನ್ನನ್ನು ಬೇಟೆಯಾಡುವ ಓರ್ಕಾದ ಕೂಗು ಕೇಳಿಸಿದಾಗಲೂ ಹಾಗೇ ಮಾಡಿತು. ಸದ್ದು ಕೇಳಿಸಿದೊಡನೆ ತುತ್ತು ಬಿಟ್ಟು ಜೀವ ಹಿಡಿದುಕೊಂಡು ಹೋಗುವುದು ಎಂದರೆ ಇದೇ ಅಲ್ವಾ?

ಇದಕ್ಕಿಂತಲೂ ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು. ಕೆನಡಾದ ಫಂಡಿ ಕೊಲ್ಲಿಯಲ್ಲಿ ರೈಟ್ ತಿಮಿಂಗಿಲಗಳ ಸಗಣಿ ತೇಲುತ್ತದೆ. ಅದನ್ನು ಬಾಚಿ ತಂದು, ಅದರಲ್ಲಿ ಒತ್ತಡದ ಹಾರ್ಮೋನ್ ಎಷ್ಟಿದೆ ಎಂದು ನೋಡುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ದೋಣಿಯ ಮೂತಿಯಲ್ಲಿ ತರಬೇತಿ ಕೊಟ್ಟ ನಾಯಿ ನಿಲ್ಲಿಸಿ, ಅದು ಮೂಸಿದ ದಿಕ್ಕಿಗೆ ಹೋಗಿ ಹುಡುಕಿದರು. 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನಗಳಲ್ಲಿ ಹಡಗುಗಳ ಓಡಾಟ ಇಳಿಯಿತು. ಕೊಲ್ಲಿಯ ಸದ್ದು 6 ಡೆಸಿಬೆಲ್ ಕಡಿಮೆಯಾಯಿತು. ಸಗಣಿಯಲ್ಲಿ ಆ ಹಾರ್ಮೋನ್ ಕೂಡ ಇಳಿದಿತ್ತು. ಪ್ರತಿದಿನ ಸದ್ದಿನಲ್ಲೇ ಇದ್ದ ಜೀವಕ್ಕೆ ಹಗುರವಾಯಿತು ಎಂಬುದು ಆ ಮೌನ ಬಂದ ಮೇಲೆಯೇ ಗೊತ್ತಾದದ್ದು. ಆ ನಾಯಿಯನ್ನು, ಆ ಸಗಣಿ ಬಾಚಿದವರನ್ನು ನಾನು ತುಂಬ ಗೌರವದಿಂದ ನೆನೆಯುತ್ತೇನೆ.

ಈ ಹಾರ್ಮೋನಿನ ಮಾತು ಓದುವಾಗ ನನಗೆ ಅಮ್ಮ ನೆನಪಾದರು. ನಮ್ಮ ಮನೆ ಹೆದ್ದಾರಿಯ ಪಕ್ಕ. ಕೊನೆಯ ಎರಡು ವರ್ಷ ಅವರು ಹಾಸಿಗೆಯಲ್ಲೇ. ಏನಾದರೂ ಹೇಳಲು ಶುರು ಮಾಡಿದರೆ ಹೊರಗೆ ಬಸ್ಸಿನ ಕರ್ಕಶ ಹಾರ್ನ್. ಬಾಯಿ ಮುಚ್ಚಿ ಕಾಯುತ್ತಿದ್ದರು, ಬಸ್ಸು ದಾಟಿದ ಮೇಲೆ ಮಾತು ಮುಂದುವರಿಸುತ್ತಿದ್ದರು. ಬರಬರುತ್ತಾ ಮುಂದುವರಿಸುವುದನ್ನೇ ಬಿಟ್ಟರು. 'ಇರಲಿ ಬಿಡು' ಎನ್ನುತ್ತಿದ್ದರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಎಂಬ ನಿಯಮ 2000ದಿಂದ ಇದೆ. ನಮ್ಮೂರಲ್ಲಿ ಅದನ್ನು ನೆನಪಿಸಿದವನೇ ಕೆಟ್ಟವನಾಗುತ್ತಾನೆ. ಹೊಗೆ ಕಣ್ಣಿಗೆ ಕಾಣುತ್ತದೆ, ಕಸಕ್ಕೆ ವಾಸನೆ ಇದೆ, ಅವನ್ನು ಮಾಲಿನ್ಯ ಎನ್ನುತ್ತೇವೆ. ಸದ್ದನ್ನು ಮಾತ್ರ 'ಸುಮ್ನೆ ಸಹಿಸ್ಕೊಳ್ಳಿ' ಎನ್ನುತ್ತೇವೆ. ನನಗೆ ಸಿಟ್ಟು ಬರುವುದು ಇಲ್ಲಿ.

ಈಗ ನಿಮ್ಮ ಪತ್ರದ ಕೊನೆಯ ಸಾಲು. 'ಅಷ್ಟೆ' ಎಂದು ಮುಗಿಸಿದ್ದೀರಿ. ಅದು ಅಷ್ಟೆ ಅಲ್ಲ. ಇಡೀ ಪತ್ರದಲ್ಲಿ ಚಿನ್ನದಂಥ ಮಾತು ಅದೊಂದೇ. ದೂರ ಹೋದದ್ದು ಸದ್ದಿಗೋ ಬೋಟು ಹತ್ತಿರ ಬಂದದ್ದಕ್ಕೋ? ಬಲೆ ಎಳೆಯುವಾಗ ಮೀನಿನಾಸೆಗೆ ಬೋಟಿನ ಹಿಂದೆಯೇ ಬರುವ ಡಾಲ್ಫಿನ್‌ಗಳೂ ಇವೆ, ನೀವು ನೋಡಿಯೇ ಇರುತ್ತೀರಿ. ಕ್ಯಾಲಿಫೋರ್ನಿಯಾದ ನೀಲಿ ತಿಮಿಂಗಿಲಗಳಲ್ಲೂ ಇಂಥದ್ದೇ ಕಂಡಿತು. ಆಳದಲ್ಲಿ ತಿನ್ನುತ್ತಿದ್ದವು ಸದ್ದಿಗೆ ತಿನ್ನುವುದನ್ನು ಬಿಟ್ಟವು, ಮೇಲ್ಮೈಯಲ್ಲಿ ತಿನ್ನುತ್ತಿದ್ದವು ಹೆಚ್ಚಾಗಿ ಕ್ಯಾರೇ ಅನ್ನಲಿಲ್ಲ. ಹಾಗಾಗಿಯೇ ಒಂದು ಸಲ ನೋಡಿದರೆ ಸಾಲದು, ನೂರು ಸಲ ನೋಡಬೇಕು.

ನಮ್ಮ ಕರಾವಳಿಯಲ್ಲಿ ಅದಕ್ಕೆ ಜಾಗವೂ ಇದೆ, ಹೊತ್ತೂ ಇದೆ. ಗೂನು ಬೆನ್ನಿನ ಡಾಲ್ಫಿನ್ ದಡದ ಹತ್ತಿರದ ಕಡಿಮೆ ಆಳದ ನೀರಿನದ್ದು, ಅಂದರೆ ನಿಮ್ಮ ದಾರಿಯಲ್ಲೇ ಅದರ ಮನೆ. ಪಣಂಬೂರಿನಲ್ಲಿ 1974ರಿಂದ ದೊಡ್ಡ ಬಂದರಿದೆ. ಮಂಗಳೂರಿನಲ್ಲಿ 1969ರಿಂದ ದೇಶದ ಮೊದಲ ಮೀನುಗಾರಿಕಾ ಕಾಲೇಜಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳೆಲ್ಲ ದಕ್ಕೆಯಲ್ಲಿ. ಫಂಡಿ ಕೊಲ್ಲಿಗೆ ಅಂಥ ಮೌನ ಬಂದದ್ದು ಒಂದು ಅನಾಹುತದಿಂದ. ನಮಗೆ ಪ್ರತಿ ವರ್ಷ ಬರುತ್ತದೆ. ಮಳೆಗಾಲದ ಕಡಲಿಗೆ ಅದರದ್ದೇ ಅಬ್ಬರ ಇದೆ, ನಾಡದೋಣಿಗಳೂ ಹೋಗುತ್ತವೆ. ಆದರೂ ಮೇ ಕೊನೆಯ ವಾರ, ಜೂನ್ ಮೊದಲ ವಾರ, ಜುಲೈ ಕೊನೆ, ಆಗಸ್ಟ್ ಶುರು, ಈ ನಾಲ್ಕು ಹೊತ್ತು ನೀರೊಳಗೆ ಮೈಕ್ ಇಟ್ಟು ಕೇಳಿದರೆ ಎಷ್ಟು ತಿಳಿಯಬಹುದು! ಗಂಗೆಯ ಡಾಲ್ಫಿನ್‌ಗಳ ಬಗ್ಗೆ ನಮ್ಮವರೇ ಮಾಡಿ 2019ರಲ್ಲಿ ಪ್ರಕಟಿಸಿದ್ದಾರಲ್ಲ. ನೀರು ಇಳಿದು ಹಡಗಿನ ಸದ್ದು ಜಾಸ್ತಿಯಾದಾಗ ಅವು ಸದ್ದು ಮಾಡುವ ರೀತಿಯನ್ನೇ ಬದಲಿಸುತ್ತವೆ, ಅದಕ್ಕೆ ಮೈಯ ಶಕ್ತಿ ಜಾಸ್ತಿ ಖರ್ಚಾಗುತ್ತದೆ ಎಂದು ತೋರಿಸಿದರು.

ಆಗಸ್ಟಿನಲ್ಲಿ ಬೋಟು ಇಳಿಸುವಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಡಾಲ್ಫಿನ್ ಕಂಡಾಗಲೆಲ್ಲ ಗಂಟೆ ಎಷ್ಟು, ಎಷ್ಟು ಮಾರು ನೀರು, ಎಂಜಿನ್ ಓಡುತ್ತಿತ್ತಾ ನಿಂತಿತ್ತಾ, ಎಷ್ಟು ಇದ್ದವು, ಯಾವ ಕಡೆ ಹೋದವು ಎಂದು ಬರೆಯಿರಿ. ಹೋಗದೆ ನಿಂತರೆ ಅದನ್ನೂ ಬರೆಯಿರಿ. ದೀಪಾವಳಿಗೆ ಮೊದಲು ಕಳಿಸಿ. ಇದೇ ಪುಟದಲ್ಲಿ ಹಾಕುತ್ತೇನೆ.

— ಸಂಪಾದಕ