ಬಟ್ಟೆ ಬಿಚ್ಚಲು ನಾಚಿಕೆ, ಬಿಸಿನೀರಿಗೆ ಇಳಿಯಲು ಆಸೆ

ಪ್ರಶ್ನೆ: ಮಗ ಜಪಾನಿನ ನಗೋಯಾದಲ್ಲಿದ್ದಾನೆ. ಅಕ್ಟೋಬರ್‌ನಲ್ಲಿ, ಅಡಿಕೆ ಕೊನೆ ಕೊಯ್ಲು ಶುರುವಾಗುವ ಮುಂಚೆ ಹೋಗಿಬರೋಣ ಅಂತಿದ್ದೇವೆ. ಬಿಸಿನೀರಿನ ಬುಗ್ಗೆ ಇರುವ ಹಳ್ಳಿಯಲ್ಲಿ, ಹಳೇ ಕಾಲದ ವಸತಿಯಲ್ಲಿ ಉಳಿಸುತ್ತೇನೆ ಅನ್ನುತ್ತಾನೆ. ಅಲ್ಲಿ ಬೆತ್ತಲೆ ಸ್ನಾನವಂತೆ, ನಮ್ಮನೆಯವರು ಕೇಳಿದ ಕೂಡಲೇ ಬೇಡವೇ ಬೇಡ ಅಂದರು. ನಾವು ಸಸ್ಯಾಹಾರಿಗಳು ಬೇರೆ. ಏನು ಮಾಡೋದು?
– ಓದುಗರು, ತೀರ್ಥಹಳ್ಳಿ

ಉತ್ತರ: ಖಂಡಿತ ಹೋಗಿ. ಒಕುಹಿದಾ ಅನ್ನುವ ಬೆಟ್ಟದ ಸೀಮೆಗೆ ಕರೆದುಕೊಂಡು ಹೋಗು ಅಂತ ಮಗನಿಗೆ ಹೇಳಿ. ನಗೋಯಾದಿಂದ ತಕಯಾಮಾಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ, ಅಲ್ಲಿಂದ ಹಿರಯುವಿಗೆ ಬಸ್ಸಲ್ಲಿ ಇನ್ನೊಂದು ಗಂಟೆ. ಹಿರಯು, ಫುಕುಜಿ, ಶಿನ್‌ಹೊತಕಾ ಹೀಗೆ ಬೆಟ್ಟಗಳ ನಡುವೆ ಬುಗ್ಗೆಯ ಊರುಗಳು ಐದಿವೆ.

ಸ್ನಾನಕ್ಕೆ ಗಂಡಸರಿಗೂ ಹೆಂಗಸರಿಗೂ ಸಾಮಾನ್ಯವಾಗಿ ಬೇರೆ ಬೇರೆ ಜಾಗ. ಕೆಲವು ಬಯಲು ಕೊಳಗಳಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ, ಅವನ್ನು ಬಿಟ್ಟುಬಿಡಿ. ಬಟ್ಟೆ ಹಾಕಿಕೊಂಡು ಇಳಿಯಲು ಹೆಚ್ಚಿನ ಕಡೆ ಬಿಡುವುದಿಲ್ಲ, ಆದರೆ ಹಲವು ವಸತಿಗಳಲ್ಲಿ ‘ಕಶಿಕಿರಿ’ ಅಂತ ಕೊಳವೊಂದನ್ನು ನಿಮ್ಮಿಬ್ಬರಿಗೇ ಕೊಡುತ್ತಾರೆ, ಒಳಗಿಂದ ಚಿಲಕ ಹಾಕಿಕೊಂಡರೆ ಮುಗಿಯಿತು, ಯಜಮಾನರ ತಕರಾರು ಅಲ್ಲಿಗೇ ತೀರುತ್ತದೆ. ಮೊದಲು ಹೊರಗೆ ಕೂತು ಸೋಪು ಹಾಕಿ ಮೈ ತೊಳೆದುಕೊಳ್ಳಬೇಕು, ಆಮೇಲೆ ನೀರಿಗೆ. ಟವೆಲನ್ನು ನೀರಲ್ಲಿ ಅದ್ದಬಾರದು. ಬಿಪಿ ಇದ್ದರೆ ಡಾಕ್ಟರನ್ನು ಕೇಳಿಯೇ ಹೊರಡಿ, ನೀರು ನಲವತ್ತು ಡಿಗ್ರಿ ದಾಟಿರುತ್ತದೆ.

ನನಗೆ ಕೇಳಿದರೆ ಸ್ನಾನಕ್ಕಿಂತ ಊಟದ್ದೇ ತಲೆನೋವು ಜಾಸ್ತಿ. ರ್ಯೋಕಾನ್ ಅನ್ನುವ ಈ ಹಳೇ ಕಾಲದ ವಸತಿಗಳಲ್ಲಿ ನಮ್ಮ ಕಡೆ ಹೋಮ್‌ಸ್ಟೇಗಳ ಹಾಗೆ ತಲೆಗಿಷ್ಟು ಅಂತ ದರ, ಸಾಮಾನ್ಯವಾಗಿ ರಾತ್ರಿ ಊಟ ಬೆಳಗ್ಗೆ ತಿಂಡಿ ಅದರಲ್ಲೇ. ಊಟ ಆರೇಳು ಗಂಟೆಗೆಲ್ಲ. ಸುಮ್ನೆ ಸಸ್ಯಾಹಾರಿ ಅಂದರೆ ಸಾಲದು. ತರಕಾರಿ ಬೇಯಿಸುವುದೂ, ಮಿಸೋ (ಹುದುಗಿಸಿದ ಸೋಯಾ ಹಿಟ್ಟು) ಸೂಪು ಮಾಡುವುದೂ ‘ದಾಶಿ’ ಅನ್ನುವ ತಿಳಿಸಾರಲ್ಲಿ, ಅದಕ್ಕೆ ಬಹಳ ಸಲ ಒಣಮೀನು ಹಾಕಿರುತ್ತಾರೆ. ಬುಕ್ ಮಾಡುವಾಗಲೇ ‘ಮೀನಿನ ದಾಶಿಯೂ ಬೇಡ’ ಅಂತ ಮಗ ಜಪಾನಿಯಲ್ಲಿ ಬರೆದು ಒಪ್ಪಿಗೆ ತರಿಸಿಕೊಳ್ಳಲಿ. ಒಪ್ಪದಿದ್ದರೆ ಬೇರೆ ವಸತಿ ನೋಡಲಿ. ಚಟ್ನಿಪುಡಿ, ಉಪ್ಪಿನಕಾಯಿ ಚೀಲದಲ್ಲಿರಲಿ, ಅದನ್ನು ನಾನು ಹೇಳಬೇಕಾ!

ಮಲಗುವುದು ತಾತಾಮಿ ಚಾಪೆಯ ಮೇಲೆ ಹಾಸಿಗೆ ಹಾಸಿಕೊಂಡು. ಮಂಡಿನೋವಿದ್ದರೆ ಮಂಚದ ಕೋಣೆ ಕೇಳಿ.

ಪ್ರಶ್ನೆ: ಶಿರಕಾವಾಗೋ ಅನ್ನುವ ಹಳ್ಳಿ ನೋಡಲೇಬೇಕಾ?
– ಅವರೇ

ಉತ್ತರ: ತಕಯಾಮಾದಿಂದ ಬಸ್ಸಲ್ಲಿ ಸುಮಾರು 50 ನಿಮಿಷ, ಅರ್ಧ ದಿನ ಸಾಕು. ಹಿಮ ಜಾರಿ ಬೀಳಲೆಂದು ಕಡಿದಾಗಿ ಕಟ್ಟಿದ ಹುಲ್ಲಿನ ಮಾಡಿನ ಮನೆಗಳು, ಅಟ್ಟದಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರು. 1995ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ, ಹಾಗಾಗಿ ಮಧ್ಯಾಹ್ನ ಜಾತ್ರೆಯಷ್ಟು ಜನ. ಬೆಳಗ್ಗೆ ಮೊದಲ ಬಸ್ಸಿಗೇ ಹೊರಡಿ.