ಕನ್ನಡದಲ್ಲಿ ಶಾಸ್ತ್ರೀಯ ಸಂಗೀತಕ್ಕೊಂದು ಮಾಸಪತ್ರಿಕೆ ತರಬೇಕೆಂದಿದ್ದೇನೆ. ಯೋಜನೆ ಹೇಗೆ ಮಾಡಲಿ, ಹಣ ಹಾಕುವವರ ಮುಂದೆ ಹೇಗೆ ಇಡಲಿ?

ನಿಮ್ಮ ಪ್ರಶ್ನೆಯ ವಿವರಣೆಯಲ್ಲಿ ಪತ್ರಿಕೆಯ ಹೆಸರು, ಲೋಗೋ, ಮೊದಲ ಸಂಚಿಕೆಗೆ ಯಾರ ಸಂದರ್ಶನ ಎಂಬುದೆಲ್ಲ ಇದೆ. ದುಡ್ಡು ಕೊಟ್ಟು ಕೊಳ್ಳುವವರು ಯಾರು ಎಂಬುದೊಂದು ಇಲ್ಲ. ಅಲ್ಲಿಂದ ಶುರು ಮಾಡಿ, ಉಳಿದದ್ದು ಆಮೇಲೆ.

ಸಂಗೀತ ಕಛೇರಿ ಕೇಳುವವರೆಲ್ಲ ಪತ್ರಿಕೆ ಕೊಳ್ಳುವುದಿಲ್ಲ. ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಪೆಂಡಾಲು, ಮೈಸೂರಿನ ಎಂಟನೇ ಕ್ರಾಸಿನ ಗಣೇಶೋತ್ಸವ ತುಂಬಿ ತುಳುಕಿದ್ದನ್ನು ನೋಡಿ ಪ್ರತಿಗಳ ಸಂಖ್ಯೆ ಗೊತ್ತುಮಾಡಿದರೆ ಕೈ ಸುಟ್ಟುಕೊಳ್ಳುತ್ತೀರಿ. ನನ್ನ ಪ್ರಕಾರ ಇಂಥ ಪತ್ರಿಕೆಗೆ ವರ್ಷವರ್ಷವೂ ಚಂದಾ ಕಟ್ಟುವವರು ಕಲಿಯುವವರು ಮತ್ತು ಕಲಿಸುವವರು: ಜೂನಿಯರ್, ಸೀನಿಯರ್, ವಿದ್ವತ್ ಸಂಗೀತ ಪರೀಕ್ಷೆಗೆ ಕೂರುವವರು, ಧಾರವಾಡ, ಗದಗ, ಬೆಳಗಾವಿ ಕಡೆ ಗಾಂಧರ್ವ ಮಹಾವಿದ್ಯಾಲಯ ಮಂಡಳದ ವಿಶಾರದ ಪರೀಕ್ಷೆಗೆ ಓದುವವರು, ಮನೆಯ ಹಜಾರದಲ್ಲೇ ಪಾಠ ಹೇಳುವ ಮೇಷ್ಟ್ರುಗಳು, ಟೀಚರುಗಳು. ಇವರಿಗೆ ಬೇಕಾದದ್ದು ಸ್ವರಪ್ರಸ್ತಾರ (ಹಾಡನ್ನು ಸರಿಗಮದ ಅಕ್ಷರಗಳಲ್ಲಿ ಬರೆದದ್ದು), ರಾಗಲಕ್ಷಣ, ಸಾಹಿತ್ಯದ ಅರ್ಥ, ತಾಳದ ಲೆಕ್ಕಾಚಾರ. ಕಲಾವಿದರ ಪರಿಚಯ, ಸುದ್ದಿ, ವಿಮರ್ಶೆಗಳಿಗೆ 1983ರಲ್ಲಿ ಚೆನ್ನೈಯಲ್ಲಿ ಶುರುವಾದ ಇಂಗ್ಲಿಷ್ ಮಾಸಿಕ 'ಶ್ರುತಿ' ದಾರಿ ಹಾಕಿಕೊಟ್ಟಿದೆ. ಅದರ ಕನ್ನಡ ನಕಲು ಮಾಡಲು ಹೋಗಬೇಡಿ.

48 ಪುಟದಲ್ಲಿ ಕನಿಷ್ಠ 20 ಪುಟ ಪಾಠಕ್ಕೇ ಇರಲಿ. ಕಛೇರಿಗಳ ಪಟ್ಟಿ ಅಚ್ಚಿನಲ್ಲಿ ಬೇಡ. ಒಂದನೇ ತಾರೀಖಿಗೆ ಪ್ರತಿ ಕೈಸೇರಬೇಕೆಂದರೆ ಹಿಂದಿನ ತಿಂಗಳ 18ರ ಹೊತ್ತಿಗೆ ಪುಟ ಮುಗಿದಿರಬೇಕು; ಅಷ್ಟರೊಳಗೆ ಪಕ್ಕವಾದ್ಯದವರೂ ಬದಲಾಗಿರುತ್ತಾರೆ, ಸಭಾಂಗಣವೂ ಬದಲಾಗಿರುತ್ತದೆ. ಅದಕ್ಕೆ ವಾಟ್ಸಾಪ್ ಸಾಕು.

ಸ್ವರಪ್ರಸ್ತಾರ ಅಚ್ಚು ಹಾಕುವುದು ಹೇಳಿದಷ್ಟು ಸುಲಭವಲ್ಲ. ಡಿಟಿಪಿಯವರಿಗೆ ಕೊಟ್ಟು ಸುಮ್ಮನಿದ್ದರೆ ಖಂಡಿತ ಕೆಡುವುದು ಇದೇ. ತಾರಸ್ಥಾಯಿಗೆ (ಎತ್ತರದ ಸ್ವರಗಳಿಗೆ) ಮೇಲೆ ಚುಕ್ಕಿ, ಮಂದ್ರಕ್ಕೆ (ತಗ್ಗಿನವಕ್ಕೆ) ಕೆಳಗೆ ಚುಕ್ಕಿ, ಎರಡನೇ ಕಾಲಕ್ಕೆ, ಅಂದರೆ ಇಮ್ಮಡಿ ವೇಗಕ್ಕೆ, ಮೇಲೊಂದು ಗೆರೆ. ಯೂನಿಕೋಡಿನಲ್ಲಿ ಚುಕ್ಕಿಗೆ ಪ್ರತ್ಯೇಕ ಚಿಹ್ನೆ ಇದ್ದರೂ ಬಹುತೇಕ ಕನ್ನಡ ಫಾಂಟುಗಳಲ್ಲಿ ಅದು ಕೂರುವ ಜಾಗ ಗೊತ್ತುಮಾಡಿರುವುದಿಲ್ಲ. 'ರಿ', 'ನಿ'ಗಳ ಗುಡಿಸಿನ ಮೇಲೆಯೇ ಚುಕ್ಕಿ ಹತ್ತಿ ಕೂರುತ್ತದೆ, ಇಲ್ಲವೇ ಪಕ್ಕದ ಅಕ್ಷರಕ್ಕೆ ಜಾರಿ ಸ್ಥಾಯಿಯೇ ತಪ್ಪಾಗುತ್ತದೆ. ಹಿಂದೂಸ್ತಾನಿ ಸ್ವರ ಬರೆಯುವ ಭಾತಖಂಡೆ ಪದ್ಧತಿ ಇನ್ನೂ ಫಜೀತಿ: ಕೋಮಲ ಸ್ವರಕ್ಕೆ ಅಡಿಗೆರೆ, ಮಂದ್ರಕ್ಕೆ ಅಡಿಚುಕ್ಕಿ, ಮಂದ್ರದ ಕೋಮಲ ನಿಷಾದ ಬಂದರೆ ಎರಡೂ ಒಂದೇ ಕಡೆ.

ಇದಕ್ಕೆ ಉಪಾಯ, ಸ್ವರವನ್ನು ಮಾಮೂಲಿ ಸಾಲಾಗಿ ಟೈಪ್ ಮಾಡಿಸದೆ ಟೇಬಲ್ ಹಾಕಿಸುವುದು. ಆದಿತಾಳವಾದರೆ ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 8 ಮನೆ; ಅದರ ಮೊದಲ ಭಾಗವಾದ ಲಘುವಿನ 4 ಆದಮೇಲೆ ಒಂದು ದಪ್ಪ ಗೆರೆ, ಆಮೇಲಿನ ಎರಡೆರಡರ ದ್ರುತಗಳಿಗೂ ಹಾಗೇ. ಮೇಲಿನ ಸಾಲಿನಲ್ಲಿ ತಾರದ ಚುಕ್ಕಿ ಮಾತ್ರ, ನಡುವೆ ಸ್ವರ, ಅದರಡಿ ಮಂದ್ರದ ಚುಕ್ಕಿ, ಕೊನೆಯಲ್ಲಿ ಸಾಹಿತ್ಯ. ಮನೆಯ ಅಗಲ ಎಲ್ಲ ಕಡೆ ಒಂದೇ ಇರಲಿ. ಅಕ್ಷರ ಜಾಸ್ತಿಯಾದ ಕಡೆ ಅಗಲ ಹಿಗ್ಗಿಸಿದರೆ ಓದುವವರಿಗೆ ಕಾಲಪ್ರಮಾಣವೇ ಕಣ್ಣಿಗೆ ಸಿಗುವುದಿಲ್ಲ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಬಂದ ಲೇಖನಗಳನ್ನು ಮೊದಲು ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ತಪ್ಪಿದೆಯೇ ಎಂದು ಇನ್ನೊಮ್ಮೆ ಓದಿ. ಪ್ರೂಫ್ ನೋಡುವವರು ಹಾಡಬಲ್ಲವರಾಗಿರಬೇಕು. ತಾಳ ಹಾಕಿಕೊಂಡು ಹಾಡಿ ನೋಡಿದರೆ ಒಂದಕ್ಷರ ಕಡಿಮೆ ಬಿದ್ದದ್ದು ತಕ್ಷಣ ಸಿಗುತ್ತದೆ, ಕಣ್ಣಲ್ಲಿ ಓದಿದರೆ ಸಿಗುವುದಿಲ್ಲ.

ಕಾಗದಕ್ಕೆ ಬನ್ನಿ. 23×36 ಇಂಚಿನ ಹಾಳೆಯ ಎರಡೂ ಬದಿ ಸೇರಿ 16 ಪುಟದ ಒಂದು ಫಾರಂ ಆಗುತ್ತದೆ. 48 ಪುಟ ಅಂದರೆ ಮೂರು ಫಾರಂ, ರಕ್ಷಾಪುಟ 4 ಬೇರೆ. ಲೇಖನ ಉದ್ದವಾಯಿತೆಂದು ಎರಡು ಪುಟ ಸೇರಿಸಲು ಬರುವುದಿಲ್ಲ, ನಾಲ್ಕರ ಲೆಕ್ಕದಲ್ಲೇ ಹೋಗಬೇಕು, ಅರೆಬರೆ ಫಾರಂ ಯಾವಾಗಲೂ ದುಬಾರಿ. ಒಳಪುಟಕ್ಕೆ 80 ಜಿಎಸ್‌ಎಂ ಮ್ಯಾಪ್ಲಿಥೋ (ಹೊಳಪಿಲ್ಲದ ಅಚ್ಚು ಕಾಗದ; ಜಿಎಸ್‌ಎಂ ಎಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ), ಹೊರಗೆ 170 ಜಿಎಸ್‌ಎಂ ಆರ್ಟ್ ಪೇಪರ್ ಹಾಕಿದರೆ ಪ್ರತಿಯ ತೂಕ ಸುಮಾರು 130 ಗ್ರಾಂ. ಚೆಂದ ಕಾಣಲೆಂದು ಒಳಗೂ 130 ಜಿಎಸ್‌ಎಂ ಆರ್ಟ್ ಪೇಪರ್ ಹಾಕಿದರೆ 200 ಗ್ರಾಂ ಹತ್ತಿರ ಹೋಗುತ್ತದೆ, ಅಂಚೆ ಖರ್ಚೂ ಜೊತೆಗೇ ಏರುತ್ತದೆ. ಅಲ್ಲದೆ ನುಣುಪು ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಪಾಠದ ಪುಟದಲ್ಲಿ ಗಮಕದ (ಸ್ವರವನ್ನು ಅಲುಗಿಸಿ ಹಾಡುವ) ಗುರುತು ಹಾಕಿಕೊಳ್ಳದ ವಿದ್ಯಾರ್ಥಿ ಯಾರಿದ್ದಾರೆ? ಬೈಂಡಿಂಗ್ ನಡು ಪಿನ್ ಇರಲಿ. ತಂಬೂರಿ ಹಿಡಿದು ಕೂತವರ ಎದುರು ಪತ್ರಿಕೆ ನೆಲದ ಮೇಲೆ ತಾನಾಗಿ ಬಿಚ್ಚಿಕೊಂಡಿರಬೇಕು, ಅಂಟಿನ ಬೈಂಡು ಮುಚ್ಚಿಕೊಳ್ಳುತ್ತದೆ.

ಕಾನೂನಿನ ಭಾಗ ಈಗ ಮೊದಲಿಗಿಂತ ಹಗುರ. 1867ರ ಹಳೇ ಕಾಯ್ದೆಯ ಜಾಗದಲ್ಲಿ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ ಬಂದು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಶೀರ್ಷಿಕೆ, ನೋಂದಣಿ ಎರಡಕ್ಕೂ ಪ್ರೆಸ್ ಸೇವಾ ಪೋರ್ಟಲಿನಲ್ಲಿ ಒಟ್ಟಿಗೇ ಅರ್ಜಿ. ಕನ್ನಡದಲ್ಲಿ ಎಲ್ಲೇ ಆಗಲಿ, ಕರ್ನಾಟಕದಲ್ಲಿ ಯಾವ ಭಾಷೆಯಲ್ಲೇ ಆಗಲಿ ಅದೇ ಹೆಸರೋ ಹೋಲುವ ಹೆಸರೋ ಇದ್ದರೆ ನಿಮಗೆ ಸಿಗದು. 'ನಾದ', 'ಲಯ'ದಂಥ ಎರಡಕ್ಷರದ ಹೆಸರುಗಳ ಆಸೆ ಬಿಟ್ಟು ನಾಲ್ಕೈದು ಹೆಸರು ಬರೆದಿಟ್ಟುಕೊಳ್ಳಿ. ಹೆಸರು ಕೈಗೆ ಬರುವ ತನಕ ಲೋಗೋಗೆ ದುಡ್ಡು ಸುರಿಯಬೇಡಿ. ಅಂಚೆ ರಿಯಾಯಿತಿಗೆ ಅಂಚೆ ಇಲಾಖೆಯಲ್ಲಿ ಇನ್ನೊಂದು ನೋಂದಣಿ ಆಗಬೇಕು. ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರವಿರಬಾರದು, ನಿಜವಾದ ಚಂದಾದಾರರ ಪಟ್ಟಿ ಇರಬೇಕು. ಖರ್ಚು ಉಳಿಸಲು ದ್ವೈಮಾಸಿಕ ಮಾಡಿದವರಿಗೆ ಈ ರಿಯಾಯಿತಿಯೇ ಕೈತಪ್ಪುತ್ತದೆ.

ಹಕ್ಕುಸ್ವಾಮ್ಯ ಮರೆಯಬೇಡಿ, ಅದು ಕರ್ತೃ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ತ್ಯಾಗರಾಜರು, ದೀಕ್ಷಿತರು, ದಾಸರ ಪದಗಳು ನಿರಾತಂಕ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ, ಹಾಗಾಗಿ ಅವರ ಕೃತಿಗಳ ಅವಧಿ 2021ಕ್ಕೆ ಮುಗಿಯಿತು. ಬೇಂದ್ರೆಯವರದು 2041ರ ತನಕ, ಕುವೆಂಪು ಅವರದು 2054ರ ತನಕ ಇದೆ. ಭಾವಗೀತೆಯ ಅಂಕಣ ಮಾಡುವುದಾದರೆ ಕವಿಯ ಕಡೆಯವರದೂ ಸಂಯೋಜಕರದೂ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಹಳೇ ಕೃತಿಯಾದರೂ ಇತ್ತೀಚಿನ ಪುಸ್ತಕದಿಂದ ಸ್ವರಪ್ರಸ್ತಾರವನ್ನು ಹಾಗೇ ಎತ್ತಬೇಡಿ. ಪ್ರಸ್ತಾರ ಬರೆದವರ ಹಕ್ಕು ಬೇರೆ.

ಇನ್ನು ಹಣ ಕೇಳುವುದು. ಮೂವತ್ತು ಸ್ಲೈಡು ಬೇಡ. ಒಂದು ಪುಟದ ಟಿಪ್ಪಣಿ, ಒಂದು ಪುಟದ ಲೆಕ್ಕ, ಡಿಜಿಟಲ್ ಪ್ರಿಂಟಿನಲ್ಲಿ ತೆಗೆಸಿದ 16 ಪುಟದ ಡಮ್ಮಿ (ಮಾದರಿ ಪ್ರತಿ), ಇಷ್ಟು ಸಾಕು. ಡಮ್ಮಿಯಲ್ಲಿ ಒಂದು ಪೂರ್ತಿ ಸ್ವರಪ್ರಸ್ತಾರದ ಪಾಠ ಇರಲೇಬೇಕು, ಎಲ್ಲರೂ ಮೊದಲು ತಿರುವಿ ನೋಡುವುದು ಅದನ್ನೇ.

ಲೆಕ್ಕದಲ್ಲಿ ಹೊಸಬರು ಎಡವುವ ಜಾಗ ಚಂದಾ ಹಣ. 600 ಜನ ವರ್ಷಕ್ಕೆ 600 ರೂಪಾಯಿ ಕಟ್ಟಿದರು ಅನ್ನಿ, ಬ್ಯಾಂಕಿನಲ್ಲಿ 3,60,000 ಕಾಣುತ್ತದೆ. ಅದರಲ್ಲಿ ತಿಂಗಳಿಗೆ ನಿಮ್ಮದು 30,000 ಮಾತ್ರ, ಉಳಿದದ್ದು ಇನ್ನೂ ಕೊಡಬೇಕಾದ ಸಂಚಿಕೆಗಳ ಸಾಲ. ಮೊದಲ ಮೂರು ಸಂಚಿಕೆಗೇ ಅದನ್ನು ಖರ್ಚು ಮಾಡಿ ನಾಲ್ಕನೆಯದಕ್ಕೆ ಪ್ರೆಸ್ಸಿನವರಿಗೆ ಸಬೂಬು ಹೇಳುವುದು ಸಣ್ಣ ಪತ್ರಿಕೆಗಳು ನಿಲ್ಲುವ ಮಾಮೂಲಿ ರೀತಿ. ಚಂದಾಕ್ಕೆ ಬೇರೆ ಖಾತೆ ಇಡಿ, ಇಟ್ಟಿದ್ದೀರೆಂದು ಟಿಪ್ಪಣಿಯಲ್ಲೇ ಬರೆಯಿರಿ. ಅಂಗಡಿ ಮಾರಾಟದಲ್ಲಿ ಏಜೆಂಟರ ಕಮಿಷನ್ನೂ ವಾಪಸ್ ಬರುವ ಪ್ರತಿಗಳೂ ಸೇರಿ ಏನೂ ಉಳಿಯುವುದಿಲ್ಲ. ಆ ಕಾಲಂನಲ್ಲಿ ಸೊನ್ನೆ ಹಾಕಿ.

ಕಂಪನಿಗಳ ಬಳಿ ಹೋಗುವ ಮುಂಚೆ ಸಿಎಸ್‌ಆರ್ ಹಣ (ಕಾನೂನಿನಂತೆ ಅವು ಸಮಾಜದ ಕೆಲಸಕ್ಕೆ ತೆಗೆದಿಡುವ ಹಣ) ಬೇಕೋ ಜಾಹೀರಾತು ಬೇಕೋ ತೀರ್ಮಾನಿಸಿ. ಸಾಂಪ್ರದಾಯಿಕ ಕಲೆಗಳ ಪ್ರೋತ್ಸಾಹ ಸಿಎಸ್‌ಆರ್ ಪಟ್ಟಿಯಲ್ಲಿ ಇದೆ. ಆದರೆ ಅದು ಬರಬೇಕಾದರೆ ನೀವು 12ಎ, 80ಜಿ ಎಂದು ಹೆಸರಾದ ಆದಾಯ ತೆರಿಗೆ ನೋಂದಣಿಗಳೂ ಸಿಎಸ್‌ಆರ್ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿಯೂ ಇರುವ ಟ್ರಸ್ಟೋ ಸಂಘವೋ ಅಂಥ ಲಾಭರಹಿತ ಸಂಸ್ಥೆಯೋ ಆಗಿರಬೇಕು. ತಮ್ಮ ಪ್ರಚಾರಕ್ಕೆ ಕೊಟ್ಟ ಪ್ರಾಯೋಜಕತ್ವವನ್ನು ಅವರು ಸಿಎಸ್‌ಆರ್ ಲೆಕ್ಕಕ್ಕೆ ಹಾಕುವಂತಿಲ್ಲ. "ಸಿಎಸ್‌ಆರ್ ಕೊಡಿ, ಹಿಂಬದಿ ರಕ್ಷಾಪುಟದಲ್ಲಿ ಜಾಹೀರಾತು ಹಾಕುತ್ತೇವೆ" ಎಂದರೆ ಅವರ ಲೆಕ್ಕಪತ್ರದವರು ಅಲ್ಲೇ ನಿಲ್ಲಿಸುತ್ತಾರೆ.

ಜಾಹೀರಾತಿಗೆ ವಾದ್ಯದ ಅಂಗಡಿ, ಎಲೆಕ್ಟ್ರಾನಿಕ್ ತಂಬೂರಿ ಮಾಡುವವರು, ಸೀರೆ ಮತ್ತು ಒಡವೆ ಅಂಗಡಿಗಳು, ಕಛೇರಿ ಏರ್ಪಡಿಸುವ ಸಂಗೀತ ಸಭೆಗಳು ಸಹಜ. ಪುಷ್ಯ ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆ, ಅದೇ ಮಾಸದ ಅಮಾವಾಸ್ಯೆಗೆ ಪುರಂದರದಾಸರದು. ಆ ಸಂಚಿಕೆ, ರಾಮನವಮಿ, ಗಣೇಶ, ದೀಪಾವಳಿ ವಿಶೇಷಾಂಕಗಳಿಗೆ ಎರಡು ತಿಂಗಳು ಮೊದಲೇ ದರಪಟ್ಟಿ ಕೊಟ್ಟಿರಬೇಕು. ಸಭೆಯವರಿಗೆ ಮಾತ್ರ ಒಂದು ಮಾತು ಮೊದಲೇ ಹೇಳಿಬಿಡಿ: ಜಾಹೀರಾತಿಗೂ ವಿಮರ್ಶೆಗೂ ಸಂಬಂಧವಿಲ್ಲ.

ಹಣವಂತರು "ಮೊದಲು ಒಂದು ಸಂಚಿಕೆ ತನ್ನಿ, ನೋಡೋಣ" ಅನ್ನುವುದು ಖಚಿತ. ಅದಕ್ಕೇ ಅವರಿಗಿಂತ ಮೊದಲು ಡಮ್ಮಿ ಹಿಡಿದು ಪಾಠ ಹೇಳುವವರ ಮನೆಗಳಿಗೆ ಹೋಗಿ. ಒಬ್ಬ ಟೀಚರ ವಿಳಾಸಕ್ಕೆ ಹತ್ತು ಪ್ರತಿಯ ಒಂದೇ ಕಟ್ಟು, ಹನ್ನೊಂದನೆಯದು ಅವರಿಗೆ ಉಚಿತ ಎಂದು ಕೇಳಿ. ಇಂಥ ಮೂವತ್ತು ಮನೆಗಳ ಒಪ್ಪಿಗೆ ಬರಹದಲ್ಲಿದ್ದರೆ 300 ಚಂದಾ ಆಯಿತು. ಆ ಪಟ್ಟಿಯನ್ನು ಲೆಕ್ಕದ ಪುಟಕ್ಕೆ ಲಗತ್ತಿಸಿ ಹಣವಂತರ ಬಳಿ ಹೋಗಿ. ಹತ್ತು ಮನೆಯೂ ಒಪ್ಪದಿದ್ದರೆ ಡಮ್ಮಿಯನ್ನೇ ಬದಲಿಸಿ ಇನ್ನೊಂದು ಸುತ್ತು ಹೋಗಿ.